ಇನ್ನೂ ಕೊಳ್ಳದ ಮಷಿನ್ ಕೆಟ್ಟಿತ್ತು

ನಮ್ಮ ಸೋದರಮಾವನಿಗೆ ಹೆಣ್ಣು ಗೊತ್ತಾಗಲು ಒಂದೇ ಮಧ್ಯಾಹ್ನ ಸಾಕಾಯಿತಂತೆ. ಚಿಂಚೋಳಿಗೆ ಹೋದ, ಚಹಾ ಕುಡಿದ, ಹೂಂ ಅಂದ, ಬಂದ. ಮಷಿನ್ ಗೊತ್ತಾಗಲು ಮಾತ್ರ ಹನ್ನೊಂದು ತಿಂಗಳು ಹಿಡಿಯಿತು!

ವಾಡಿಯಿಂದ ಶಹಾಬಾದಕ್ಕೆ ಹೋಗುವ ರಸ್ತೆಯಲ್ಲಿ ಮಾಮಾನ ಕೋಳಿಮಾಂಸದ ಕಾರ್ಖಾನೆಯಿದೆ. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಸೇಡಂ, ಚಿತ್ತಾಪುರದ ಫಾರ್ಮುಗಳಿಂದ ಬೆಳಿಗ್ಗೆ ಬಂದ ಕೋಳಿ ಮಧ್ಯಾಹ್ನದೊಳಗೆ ತುಂಡಾಗಿ, ತಣ್ಣಗಾಗಿ ಹೈದರಾಬಾದಿನ ಹೋಟೆಲುಗಳಿಗೆ ಹೊರಡುತ್ತದೆ. ಆ ಹೋಟೆಲಿನವರು ಹೇಳಿಬಿಟ್ಟರು: ಕೊಯ್ಯುವುದು ಕೈಯಲ್ಲೇ ಇರಲಿ, ಆದರೆ ಸಾಗಿಸುವುದು, ತೂಗುವುದು, ಪ್ಯಾಕ್ ಮಾಡುವುದೆಲ್ಲ ಮಷಿನ್‌ನಿಂದ ಆಗಬೇಕು. ದೀಪಾವಳಿಯೊಳಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅವರು ಹೋದರೆ ಕಾರ್ಖಾನೆಗೆ ಬೀಗ. ಅಲ್ಲಿ ದುಡಿಯುವ ನಲವತ್ತು ಜನ ಮನೆಗೆ.

ಮಷಿನ್ ಕೂಡಿಸುವ ಕಂಪನಿಗಳೊಂದಿಗೆ ಆದ ಮಾತುಕತೆಯನ್ನೆಲ್ಲ ಬರೆದಿಡುವ ಕೆಲಸ ನನಗೆ ಬಂತು. ಎಂ.ಎ. ಓದಿದ ತಪ್ಪಿಗೆ ಮಾಮಾ ನನ್ನನ್ನು ‘ಯುನಿವರ್ಸಿಟಿ’ ಎಂದೇ ಕರೆಯುತ್ತಾನೆ. ನಾನು ನೆನಪನ್ನು ನಂಬುವವಳಲ್ಲ. ಇಲ್ಲಿರುವುದು ಅಂದಂದೇ ದಿನಚರಿಯಲ್ಲಿ ಬರೆದಿಟ್ಟದ್ದು. ಆದರೆ ಸಿಟ್ಟಿನಲ್ಲಿ ಬರೆದದ್ದು. ಒಂದೆರಡು ಬಕೆಟ್ ನೀರು ಹೆಚ್ಚಾಗಿರಬಹುದು.

ನೀರು ಯಾಕೆಂದರೆ, ಮೊದಲು ಬಂದ ಪುಣೆಯ ಎಂಜಿನಿಯರ್ ಮಷಿನ್ ನಡೆಸುವ ಡಬ್ಬಿಯೊಂದನ್ನು ತಂದು, ದೀಪ ಹಚ್ಚಿ ತೋರಿಸಿದ.

“ಇದಕ್ಕ ನೀರ್ ಬಿದ್ರ?”

“ಏನೂ ಆಗೋದಿಲ್ಲ ಸರ್.”

ಮಾಮಾ ನೆಲ ತೊಳೆಯುವ ಪೈಪು ಎತ್ತಿ ಹೊಡೆದೇಬಿಟ್ಟ! ಡಬ್ಬಿಯ ದೀಪ ಆರಿತು. ಎಂಜಿನಿಯರನ ಟೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಸರ್, ಇದು ಬರೀ ಡೆಮೋ ಡಬ್ಬಿ!”

“ನಾ ಹೊಡದದ್ದೂ ಡೆಮೋ ನೀರೇ. ಖರೇ ನೀರು ಸಂಜಿಗಿ ತೊಳಿಯಾಗ ಬರ್ತದ, ಬಿಸಿದು.”

ಪುಣೆ ಮುಗಿಯಿತು.

ಎರಡನೆಯ ಕಂಪನಿಯವರು, ಮಷಿನ್ ಕೆಟ್ಟರೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಓಡಿಬರುತ್ತೇವೆ ಎಂದು ಬಾಯಿ ತಪ್ಪಿ ಹೇಳಿದರು. ಭಾನುವಾರ ಊಟದ ಹೊತ್ತಿಗೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, ಮಾಮಾ ಫೋನ್ ಹಚ್ಚಿದ.

“ಹಲೋ, ಬೆಲ್ಟ್ ನಿಂತದ್ರಿ. ಮಾಲ್ ಕೆಡಾಕತ್ತದ. ಲಗೂ ಬರ್ರಿ!”

“ಮಷಿನ್ ನಂಬರ್ ಹೇಳಿ ಸರ್.”

“ನಂಬರ್ ಎಲ್ಲಿಂದ ತರ್ಲಿ? ಇನ್ನೂ ತಗೊಂಡಿಲ್ಲ.”

“ತಗೊಳ್ಳದ ಮಷಿನ್ ಹೇಗೆ ಕೆಡುತ್ತೆ ಸರ್?”

“ತಗೊಂಡ ಮ್ಯಾಲ ಕೆಟ್ರ ನೀವು ಫೋನ್ ಎತ್ತತೀರೋ ಇಲ್ಲೋ, ನಂಗ ಈಗೇ ಹೆಂಗ ಗೊತ್ತಾಗ್ಬೇಕು?”

ಹೀಗೆ ಐದು ಭಾನುವಾರ ಆ ಮಷಿನ್ ಕೆಟ್ಟಿತು. ಆರನೆಯ ಭಾನುವಾರ ಫೋನ್ ಯಾರೂ ಎತ್ತಲಿಲ್ಲ. “ನೋಡಿದ್ಯಾ ಯುನಿವರ್ಸಿಟಿ? ಬರ್ಕೋ!” ಎಂದು ಮಾಮಾ ಹಿಗ್ಗಿದ. ಇಂಥವನಿಗೆ ಏನು ಹೇಳುವುದು?

“ಮಾಮಾ, ದೀಪಾವಳಿ ಹತ್ರ ಬಂತು!”

“ಬರ್ಲಿ. ಅದೇನ್ ನಮ್ಮನ್ನ ಕೇಳಿ ಬರ್ತದೇನು?”

ಒಳಗಿನಿಂದ ಅತ್ತೆಯ ದನಿ ಬಂತು: “ನನ್ನ ನೋಡಾಕ ಬಂದಾಗ ಇದರಾಗ ಕಾಲುಪಾಲು ವಿಚಾರ ಮಾಡಿದ್ರೂ ನಾ ಪಾರಾಗ್ತಿದ್ದೆ!”

ಕೊನೆಗೆ ಉಳಿದದ್ದು ಒಂದೇ ಸಣ್ಣ ಕಂಪನಿ. ಬಂದವಳು ತಾಂಡೂರು ಕಡೆಯ ಎಂಜಿನಿಯರ್ ಹುಡುಗಿ. ಅವಳು ಕುಳಿತುಕೊಳ್ಳುವ ಮೊದಲೇ ಮಾಮಾ ಕೇಳಿದ: “ನಿಮ್ಮ ಮಷಿನ್‌ಗಿ ಕಿವಿ ಅವೇನು?”

ನಾನು ಪೆನ್ನು ಕೆಳಗಿಟ್ಟೆ. ಕಾರ್ಖಾನೆಯ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಹಾಗಾಗಿ ಕೊಯ್ಯುವ ಹೆಂಗಸರಲ್ಲಿ ಒಂದು ರೂಢಿ: ಏನಾದರೂ ಎಡವಟ್ಟಾದರೆ ಚಾಕುವಿನ ಹಿಡಿಯಿಂದ ಸ್ಟೀಲಿನ ಮೇಜನ್ನು ಎರಡು ಸಲ ಬಡಿಯುವುದು. ಪಕ್ಕದವಳು ಬಡಿಯುತ್ತಾಳೆ, ಅವಳ ಪಕ್ಕದವಳೂ ಬಡಿಯುತ್ತಾಳೆ, ಎಲ್ಲರ ಕೈ ನಿಲ್ಲುತ್ತದೆ. ಈ ಬಡಿತ ಕೇಳಿ ಮಷಿನ್ ಕೂಡ ನಿಲ್ಲಬೇಕಂತೆ!

ಹುಡುಗಿ ನಗಲಿಲ್ಲ. ಬೂಟು ಹಾಕಿಕೊಂಡು ಸೀದಾ ಹೆಂಗಸರ ಹತ್ತಿರ ಹೋದಳು. “ಬಡಿಯೋದು ಯಾಕ್ರಿ ಅಕ್ಕಾ? ನಿಲ್ಲಸಾಕ ಗುಂಡಿ ಇರ್ತದಲ್ಲ?”

“ಒಂದ್ ಕೈ ಸಿಕ್ಕಿರ್ತದ, ಇನ್ನೊಂದ್ ಕೈಯಾಗ ಚಾಕು ಇರ್ತದ,” ಎಂದಳು ಎಲ್ಲರಿಗಿಂತ ಹಳಬಳು. “ಗುಂಡಿ ಎಲ್ಲದ ಅಂತ ಹುಡುಕ್ಕೋತ ಕುಂದರ್ಲೇನು ತಾಯಿ?”

ಹುಡುಗಿ ವಾಪಸು ಬಂದಳು. “ಸರ್, ಇಷ್ಟ್ ಸಪ್ಪಳದಾಗ ಕಿವಿ ಕೆಲ್ಸ ಮಾಡಲ್ಲ. ಬೆಲ್ಟಿನ ಉದ್ದಕ್ಕೂ ಒಂದ್ ಹಗ್ಗ ಕಟ್ತೀನಿ. ಮೊಣಕೈಲಿಂದ ಜಗ್ಗಿದ್ರೂ ಎಲ್ಲಾ ನಿಲ್ತದ.”

“ಸೈ ಎಲ್ಲಿ ಮಾಡ್ಲಿ?” ಎಂದ ಮಾಮಾ.

ಅವಳು ಹೋದ ಮೇಲೆ ನನ್ನ ಸಿಟ್ಟು ಒಡೆಯಿತು. “ಒಂದು ಹಗ್ಗಕ್ಕ ಹನ್ನೊಂದು ತಿಂಗಳಾ ಮಾಮಾ? ನಲವತ್ತು ಜನರ ಹೊಟ್ಟಿ ಮ್ಯಾಲ ಆಟ ಆಡಿದ್ಯಲ್ಲ!”

ಅವನು ತಿರುಗಿಬೀಳುತ್ತಾನೆ ಅಂದುಕೊಂಡಿದ್ದೆ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತೇ ಇದ್ದ.

“ಮೊದಲ್ನೇ ಕೀಮಾ ಮಷಿನ್ ತಂದಾಗ ಅದರ ಮುಂದ ಕೆಲ್ಸಕ್ಕ ನಿಂತಿದ್ದ ನಿಮ್ಮವ್ವ ಬಡದಿದ್ಲು. ಎರಡ್ ಸಲ ಅಲ್ಲ, ಭಾಳ ಸಲ. ನಾ ಮೋಟರ್ ಹತ್ರ ನಿಂತಿದ್ದೆ. ಕೇಳ್ಲಿಲ್ಲ.”

ಅವ್ವನ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿಯುತ್ತವೆ. ಬಾಗಿಲಿಗೆ ಸಿಕ್ಕಿ ಹೋದವು ಎಂದೇ ನನ್ನ ನೆನಪು. ಆ ಬಾಗಿಲಿನ ಬಣ್ಣ ಹಸಿರು ಎಂದು ದಿನಚರಿಯಲ್ಲೂ ಬರೆದಿದ್ದೇನೆ. ಅಂಥ ಬಾಗಿಲೇ ಇರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಬೆಲ್ಟ್ ಓಡಿತು. ಹೋಟೆಲಿನವರು ನೋಡಿ ತಲೆಯಾಡಿಸಿದರು. ಮಾಮಾ ಅವ್ವನನ್ನು ಕರೆತಂದು ಹಗ್ಗದ ಹತ್ತಿರ ನಿಲ್ಲಿಸಿದ. “ಅಕ್ಕಾ, ನಾ ಅಲ್ಲಿ ಮೋಟರ್ ಹತ್ರ ಹೋಗ್ತೀನಿ. ಆಮ್ಯಾಲ ನಿಲ್ಲಸು.”

“ಈಗರೆ ಚಾಲೂ ಮಾಡಿ, ಈಗೇ ನಿಲ್ಲಸಬೇಕಾ? ತಲಿ ನೆಟ್ಟಗ ಅದೇನೋ ನಿಂದು?” ಎಂದು ಬೈಯುತ್ತಲೇ ಅವ್ವ ಎಡಗೈ ಎತ್ತಿದಳು.

ನಾನು ಮೋಟರ್ ಹತ್ತಿರ ಮಾಮಾನ ಪಕ್ಕದಲ್ಲಿದ್ದೆ. ಅವ್ವ ಹಗ್ಗ ಜಗ್ಗಿದಳು, ಬೆಲ್ಟ್ ನಿಂತಿತು. ಅವನು ಅಷ್ಟು ದೂರದಲ್ಲಿದ್ದ ಅವ್ವನ ಕಡೆ ನೋಡುತ್ತಾ, ನನಗಷ್ಟೇ ಕೇಳುವಂತೆ ಅಂದ:

“ಕೇಳ್ತು, ಅಕ್ಕಾ.”