ಡಾಬಕಾದ ನಕ್ಷೆಯೂ ನನ್ನ ಎಂ.ಎ.ಯೂ

ಅಂತರರಾಷ್ಟ್ರೀಯ ಅಭಿವೃದ್ಧಿಯಲ್ಲಿ ಎಂ.ಎ. ಮಾಡುವುದು ಅಂಥ ಕಷ್ಟವೇನಲ್ಲ ಎಂದು ನಾನು ಮನಸಾರೆ ನಂಬಿದ್ದೆ. ನೌಬಾದದ ಶಾಲೆಯಲ್ಲಿ ಹದಿನೆಂಟು ವರ್ಷ ಭೂಗೋಳ ಕಲಿಸಿದವಳಿಗೆ ಅಂಚೆಯಲ್ಲಿ ಬರುವ ನಾಲ್ಕು ಪುಸ್ತಕ ಯಾವ ಲೆಕ್ಕ!

ನನ್ನ ಯಜಮಾನರು ಪ್ರಭಾಕರ, ಬೀದರ್‌ನಿಂದ ಔರಾದ ಊರಿನ ಮೇಲೆ ಹಾದು ಡಾಬಕಾಕ್ಕೆ ಹೋಗುವ ಬಸ್ಸಿನ ಡ್ರೈವರು. ಪುಸ್ತಕದ ಹೆಸರು ಓದಿ ಅವರು ಕೇಳಿದರು.

"ಅಂತರರಾಷ್ಟ್ರೀಯ ಅಂದ್ರ ಗಡಿ ದಾಟೂದು ಹೌದಿಲ್ಲೋ? ದಿನಾ ಎರಡು ಸಲ ಮಹಾರಾಷ್ಟ್ರದ ಗಡಿ ಮುಟ್ಟಿ ಬರ್ತೇನಿ. ನನಗೂ ಒಂದು ಡಿಗ್ರಿ ಕೊಡ್ತಾರೇನು ಕೇಳು."

ಬಾಯಿ ಹೀಗಿದ್ದರೂ ಮನಸ್ಸು ಬೇರೆ. ನಾನು ಮೊದಲ ವರ್ಷ ದಾಟಿದ ದಿನವೇ ಪೇಂಟರನ್ನು ಕರೆದು, ಗೇಟಿನ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಂ.ಎ. ಎಂದು ಬರೆಸಿಯೇಬಿಟ್ಟರು. ಬಣ್ಣ ಒಣಗಿತು, ಡಿಗ್ರಿ ಮಾತ್ರ ಬರಲಿಲ್ಲ! ಕೂಲಿಗಾಗಿ ಊರು ಬಿಟ್ಟು ಗುಳೆ ಹೋಗುವವರ ಬಗ್ಗೆ ನಾನು ಬರೆದ ನೂರು ಪುಟದ ಪ್ರಬಂಧ ವಾಪಸ್ ಬಂತು. ಮೇಲೆ ಕೆಂಪು ಶಾಯಿಯಲ್ಲಿ, "ಇದರಲ್ಲಿ ಜನರೇ ಇಲ್ಲ." ಇನ್ನೊಂದೇ ಅವಕಾಶ. ಊರಿನವರೇ ನೆಲದ ಮೇಲೆ ಬಿಡಿಸಿದ ಊರಿನ ನಕ್ಷೆಯ ಫೋಟೊ ಸೋಮವಾರದೊಳಗೆ ಕೊಡಬೇಕು. ಕೊಡದಿದ್ದರೆ ಪೇಂಟರನ್ನು ಮತ್ತೆ ಕರೆಸಬೇಕು.

ಶನಿವಾರ ಮೂರು ಪೊಟ್ಟಣ ರಂಗೋಲಿ ಹಿಡಿದು ಯಜಮಾನರ ಬಸ್ಸಿನಲ್ಲೇ ಡಾಬಕಾದಲ್ಲಿ ಇಳಿದೆ. ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಹೊಲದಲ್ಲಿ ಕೆಲಸವಿಲ್ಲದ್ದರಿಂದ ಊರಲ್ಲಿ ಉಳಿದಿದ್ದ ಹೆಂಗಸರೆಲ್ಲ ಶೇವಂತಾಬಾಯಿ ಎಂಬ ಹಿರಿಯಾಕೆಯ ಅಂಗಳದಲ್ಲಿ ಸೇರಿದರು. ಸಂಶೋಧಕರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಪುಸ್ತಕದಲ್ಲಿತ್ತು. ಟೀಚರಿಗೆ ಎಂಥ ಶಿಕ್ಷೆ!

ಶೇವಂತಾಬಾಯಿ ರಂಗೋಲಿಯಲ್ಲಿ ಗುಡಿ, ಬುದ್ಧವಿಹಾರ, ಒಣಗಿದ ಬಾವಿ, ಮನೆಗಳನ್ನೆಲ್ಲ ಚಕಚಕ ಬಿಡಿಸಿದಳು. ಅರ್ಧ ಮನೆಗಳ ಮೇಲೆ ಬೀಗದ ಗುರುತು ಹಾಕಿದಳು. ನನಗೆ ತಡೆಯಲಾಗಲಿಲ್ಲ.

"ಈ ಮನಿಯವ್ರು ಎಲ್ಲಿ ಹೋದ್ರು?"

"ಪುಣಾದಾಗ ಅದಾರ್ರಿ. ಇವ್ರು ಹೈದರಾಬಾದದಾಗ," ಎನ್ನುತ್ತ ಆಕೆ ಸೀರೆ ಎತ್ತಿಕಟ್ಟಿ ಎದ್ದಳು. ಕೈಪಂಪಿನ ಬಳಿ ಹೈದರಾಬಾದು ಎದ್ದಿತು. ಉಳಿದವರೂ ಹಿಂದೆ ಹೋದರು. ನಕ್ಷೆ ಅಂಗಳ ದಾಟಿತು, ಓಣಿ ದಾಟಿತು, ಬಸ್ಸು ತಿರುಗುವ ಬಯಲಿಗೆ ಬಂದು ಪುಣೆಯಾಯಿತು!

"ಬಾಯಿ, ಊರಿನ ನಕ್ಷಾ ಊರಾಗೇ ಇರಬೇಕು," ಎಂದು ನಾನು ಗೋಗರೆದೆ.

"ಊರೇ ಊರಾಗ ಇಲ್ಲಲ್ರಿ ಟೀಚರ್."

ಪುಣೆಯಲ್ಲಿ ಒಬ್ಬೊಬ್ಬಳೂ ತನ್ನವರನ್ನು ಇಟ್ಟಳು. ತಗಡಿನ ಶೆಡ್ಡು, ನೀರಿನ ನಳ, ಮೊಮ್ಮಕ್ಕಳು ಆಡುವ ಮರಳಿನ ರಾಶಿ. ಶೇವಂತಾಬಾಯಿ ಆರು ಮಹಡಿಯ ಕಟ್ಟಡ ಬಿಡಿಸಿ, ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಳು. "ಇಕಿ ನನ್ನ ಮಗಳು ಸುಜಾತಾ. ಇಲ್ಲಿ ಇಟ್ಟಂಗಿ ಹೊರತಾಳ." ಆಗ ನಾನು ನಿಜವಾಗಿಯೂ ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಹಾರ್ನ್! ನಾಲ್ಕು ಗಂಟೆಯ ಬಸ್ಸು. ನಾನು ಕೈ ಅಗಲಿಸಿ ಎದುರಿಗೆ ನಿಂತೆ.

"ನಿಲ್ಲಸ್ರೀ! ಇಲ್ಲಿ ಪುಣಾ ಅದ!"

ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿದರು. "ತಲಿ ಕೆಟ್ಟದೇನು? ಇದು ಡಾಬಕಾ! ಅತ್ತ ಸರಿ, ಬಸ್ ತಿರುಗಸಬೇಕು."

"ಸಾಹೇಬ್ರ, ನನ್ನ ಮಗಳು ಅದಾಳರಿ ಅಲ್ಲಿ," ಎಂದಳು ಶೇವಂತಾಬಾಯಿ, ಮೆಲ್ಲಗೆ.

ಅವರು ಇಳಿದರು, ನೋಡಿದರು. ಆ ಶೆಡ್ಡಿನವರನ್ನೆಲ್ಲ ಗಂಟುಮೂಟೆ ಸಮೇತ ಔರಾದಕ್ಕೆ ಬಿಟ್ಟುಬಂದವರು ಅವರೇ. ಮತ್ತೆ ಹತ್ತಿ ಕೂತು, ಕಂಡಕ್ಟರ್ ಸೀಟಿ ಊದುತ್ತಿದ್ದಂತೆ, ಅಷ್ಟು ದೊಡ್ಡ ಬಸ್ಸನ್ನು ಊರಾಚೆಯ ಕೂಡುರಸ್ತೆಯವರೆಗೆ ಹಿಮ್ಮುಖವಾಗಿಯೇ ಒಯ್ದರು. ಸಮಯಕ್ಕೆ ಪ್ರಾಣ ಬಿಡುವ ಮನುಷ್ಯ! ನನಗೆ ಅವರ ಮೇಲೆ ಉಕ್ಕಿದ ಪ್ರೀತಿಯನ್ನು ಇಲ್ಲಿ ಬರೆದರೆ ಮಕ್ಕಳು ಓದಿಯಾರು.

ಆ ಪ್ರೀತಿಯ ಗುಂಗಿನಲ್ಲೇ ಫೋಟೊಗೆ ನಿಂತೆ. ಇಡೀ ನಕ್ಷೆ ಹಿಡಿಯಲು ಒಂದು ಹೆಜ್ಜೆ ಹಿಂದೆ ಸರಿದೆ. ಇನ್ನೊಂದು. ಮತ್ತೊಂದು. ಹೆಂಗಸರೆಲ್ಲ ಕೈ ಬೀಸಿ ಕೂಗತೊಡಗಿದರು. ಫೋಟೊದ ಹುರುಪು ಎಂದುಕೊಂಡು ನಾನೂ, "ನಗ್ರಿ, ನಗ್ರಿ!" ಎಂದೆ.

ಯಾರೂ ನಗಲಿಲ್ಲ. ಕೆಳಗೆ ನೋಡಿದೆ. ಬಸ್ಸು ಉಳಿಸಿದ ಪುಣೆಯನ್ನು ನನ್ನ ಸೀರೆಯ ಅಂಚು ಗುಡಿಸಿಹಾಕಿತ್ತು! ಶೆಡ್ಡಿಲ್ಲ, ನಳವಿಲ್ಲ, ಸುಜಾತಾ ಇಲ್ಲ.

ನನಗೆ ಅಳುವೇ ಬಂತು. ಡಿಗ್ರಿಯ ನೆನಪೂ ಆಗಲಿಲ್ಲ, ಆ ಚುಕ್ಕೆಯದೇ ಸಂಕಟ. ಶೇವಂತಾಬಾಯಿ ನನ್ನ ಬೆನ್ನು ಸವರಿದಳು.

"ಇರಲಿ ಬಿಡ್ರಿ ಟೀಚರ್. ಪುಣಾನೇ ಇಲ್ಲ ಅಂದ ಮ್ಯಾಲ ಮಗಳು ಮನಿಗೇ ಬರಬೇಕಲ್ಲ!"

ಎಲ್ಲರೂ ಬಿದ್ದುಬಿದ್ದು ನಕ್ಕರು. ರಂಗೋಲಿ ಮುಗಿದಿತ್ತು. ಶೇವಂತಾಬಾಯಿ ಒಳಗೆ ಹೋಗಿ ಒಲೆಯ ಬೂದಿ ತಂದು, ಪುಣೆಯನ್ನು ಮತ್ತೆ ಬಿಡಿಸಲು ಕೂತಳು. ಮೊದಲು ಚುಕ್ಕೆ ಇಟ್ಟಳು, ಕಟ್ಟಡ ಆಮೇಲೆ.

ಆ ಬೂದಿಯ ಪುಣೆಯ ಫೋಟೊದಿಂದ ಪ್ರಬಂಧ ಅಂತೂ ಪಾಸಾಯಿತು. ಗುಳೆ ತಡೆಯುವುದು ಹೇಗೆ ಎಂದು ನಾನೀಗ ಯಾವ ವೇದಿಕೆಯಲ್ಲಾದರೂ ಒಂದು ತಾಸು ಮಾತಾಡಬಲ್ಲೆ. ಆದರೆ ನಾನು ಖುದ್ದಾಗಿ ಗುಳೆ ತಡೆದದ್ದು ಒಮ್ಮೆ ಮಾತ್ರ, ಸೀರೆಯ ಅಂಚಿನಿಂದ, ಬೂದಿ ತರುವಷ್ಟು ಹೊತ್ತು!