ಅತ್ತೆ ಕಾಯಿಸಿಬಿಟ್ಟ ಬೆಣ್ಣೆ

ಬೆಣ್ಣೆಯ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಿಸಿ ಅಕ್ಕಿರೊಟ್ಟಿಯ ಮೇಲೆ ನಿಂಬೆ ಗಾತ್ರದ ಬೆಣ್ಣೆ ಕರಗುವುದನ್ನು ನೋಡುತ್ತಿರುವಾಗ ಯಾರಾದರೂ ಮಾತಾಡಿಸಿದರೆ ನನಗೆ ಸಿಟ್ಟು ಬರುತ್ತದೆ. ಮದ್ದೂರು ವಡೆ ಬಾಯಲ್ಲಿ ಪುಡಿಯಾದಾಗಲೂ, ಹಿಟ್ಟಿಗೆ ಬೆಣ್ಣೆ ಉಜ್ಜಿದ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತೇನೆ. ತಿನ್ನುವುದರಲ್ಲೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನಿಗೆ ಕೇಕು ಯಾವ ಮಹಾ ವಿದ್ಯೆ ಎಂದು ಗುತ್ತಲಿನ ನಮ್ಮ ಮನೆಗೆ ಓವನ್ ತಂದೆ. ಮೊದಲ ಕೇಕಿಗೆ ಚಾಕು ಇಳಿಯಲಿಲ್ಲ. ಎರಡನೆಯದನ್ನು ಬೀದಿಯ ಹಸು ಮೂಸಿ ಮುಂದೆ ಹೋಯಿತು. ಮೂರನೆಯದರ ಸುದ್ದಿ ಬೇಡ. "ಇನ್ನೊಂದೇ ಸಲ ನೋಡ್ತೀನಿ ಕಣ್ರೀ. ಆಮೇಲೆ ಆ ಡಬ್ಬ ನನ್ ಅಡುಗೆಮನೇಲಿ ಇರಕೂಡ್ದು" ಎಂದಳು ಹೆಂಡತಿ.

ತಪ್ಪೆಲ್ಲ ಅಂಗಡಿ ಬೆಣ್ಣೆಯದು ಎಂದು ನಾನು ತೀರ್ಮಾನಿಸಿದೆ. ಅಷ್ಟರಲ್ಲಿ ಪೂರಿಗಾಲಿಯಿಂದ ನಮ್ಮತ್ತೆ ಬಂದರು. ಜೊತೆಗೆ ಅವರೇ ಕಡೆದ ಎಮ್ಮೆ ಬೆಣ್ಣೆ, ಸ್ಟೀಲ್ ಡಬ್ಬಿಯ ನೀರಿನಲ್ಲಿ ತೇಲುತ್ತಾ! ಅದರ ಬಿಳುಪೇ ಬಿಳುಪು, ನವಿರೇ ನವಿರು. ಕೇಕಿಗೆ ಬೆಣ್ಣೆ ಮೆತ್ತಗಿರಬೇಕೆಂದು ಶನಿವಾರ ಬೆಳಿಗ್ಗೆ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು ಕಟ್ಟೆಯ ಮೇಲಿಟ್ಟು ಶಾಲೆಗೆ ಹೋದೆ. ಮಧ್ಯಾಹ್ನ ಬಂದರೆ ಬಾಗಿಲಲ್ಲೇ ಘಮಘಮ. ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ನುಗ್ಗೆಸೊಪ್ಪು ಹಾಕಿ ಕಾಯಿಸಿದ ತುಪ್ಪ!

"ಅಯ್ಯೋ ಅತ್ತೆ, ಅದು ಕೇಕಿಗೆ ಇಟ್ಟಿದ್ದ ಬೆಣ್ಣೆ!"

"ಬೆಣ್ಣೇನ ಯಾರಾದ್ರೂ ಅಂಗೇ ಬುಡ್ತಾರಾ ಅಳಿಯಂದ್ರೆ? ಸಂದೆಗಂಟ ಬುಟ್ಟಿದ್ರೆ ಉಳಿ ವಾಸ್ನೆ ಬತ್ತಿತ್ತು. ಕಾಸ್ಬುಟ್ಟೆ."

ಅವರ ಮನೆಯಲ್ಲಿ ಬೆಣ್ಣೆ ಎಂದರೆ ತುಪ್ಪವಾಗುವ ದಾರಿಯಲ್ಲಿ ಒಂದು ಗಳಿಗೆ ಕೂತೆದ್ದು ಹೋಗುವ ಪದಾರ್ಥ. ರೇಗಬೇಕೆಂದುಕೊಂಡೆ. ಆದರೆ ಪಾತ್ರೆಯ ತಳದ ಗರಿಗರಿ ಸೊಪ್ಪಿಗೆ ಉಪ್ಪು ಉದುರಿಸಿ ಅವರು ನನ್ನ ಕೈಗಿಟ್ಟರು. ಅದನ್ನು ಜಗಿಯುತ್ತಾ ರೇಗುವುದು ಯಾರಿಂದಲೂ ಆಗದು. ಇನ್ನು ಓವನ್ ಹೋದ ಹಾಗೇ ಎಂದುಕೊಂಡೆ.

ನನ್ನ ಮುಖ ನೋಡಿ ಅತ್ತೆಗೆ ಪಾಪ ಅನ್ನಿಸಿರಬೇಕು. ತುಪ್ಪದ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಅದು ಹೆಪ್ಪುಗಟ್ಟಿದ ಮೇಲೆ ಅಂಗೈಯಿಂದ ಗರಗರ ತಿಕ್ಕತೊಡಗಿದರು. ಕಾಲು ಗಂಟೆಯಲ್ಲಿ ಗಟ್ಟಿ ತುಪ್ಪ ಬೆಳ್ಳಗೆ, ಹಗುರಾಗಿ ಉಬ್ಬಿ ನಿಂತಿತು. ಬೆಣ್ಣೆ ಉಬ್ಬಿಸಲೆಂದು ತಂದಿದ್ದ ನನ್ನ ಕರೆಂಟಿನ ಯಂತ್ರ ಒಮ್ಮೆಯೂ ಮಾಡದ ಕೆಲಸ! ನಾನು ಬೆರಗಾಗಿ ತಕ್ಕಡಿ ತಂದೆ. "ಅದ್ನ ಅತ್ಲಾಗಿಡಿ" ಎಂದರು. ಸಕ್ಕರೆ ಪುಡಿ, ಮೈದಾ, ಸೋಡಾ, ಹಾಲು ಎಲ್ಲ ಅವರ ಕೈಯಳತೆಯಲ್ಲೇ ಬಿದ್ದವು. ನನ್ನ ಪಾಲಿಗೆ ಉಳಿದದ್ದು ಓವನ್ನಿನ ಗುಂಡಿ ತಿರುಗಿಸುವುದು ಮಾತ್ರ.

ಕೇಕು ಮೇಲೆದ್ದಿತು. ಬಾಯಿಗಿಟ್ಟರೆ ಕರಗಿತು. ಹೆಂಡತಿ ಎರಡನೇ ತುಂಡಿಗೆ ಕೈ ಹಾಕಿದಳು. ಬಾಯಿ ಒರೆಸಿಕೊಂಡು, "ಓವನ್ ಇರ್ಲಿ ಕಣ್ರೀ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. "ಆದ್ರೆ ಅಮ್ಮನ ಹತ್ರ ಇರ್ಲಿ."

ಭಾನುವಾರ ಸಂಜೆ ಪೂರಿಗಾಲಿ ಬಸ್ಸಿಗೆ ಓವನ್ನನ್ನು ನಾನೇ ಹೊತ್ತು ಹತ್ತಿಸಿದೆ. ಕಂಡಕ್ಟರ್ ಅದರ ಮೇಲೆ ಕೈ ಬಡಿದು, "ಯಾರ್ದು ಈ ಡಬ್ಬ?" ಎಂದು ಕೂಗಿದ.

"ನಂದೇ ಕಣಪ್ಪ" ಎಂದರು ಅತ್ತೆ.

ಕಂಡಕ್ಟರ್ ಅನುಮಾನದಿಂದ ನನ್ನ ಕಡೆ ನೋಡಿದ. ನಾನೂ ತಲೆಯಾಡಿಸಿ, "ಹೌದು, ಅವರದೇ" ಎಂದೆ.