ಬಾಯ್ಲರ್ ಎಚ್ಚರಿಕೆ: ಪ್ರಮಾಣಪತ್ರದಾರರ ಕಣ್ಣಿಗೆ ಮಾತ್ರ

ಗುಪ್ತ ರವಾನೆ ಶಾಖೆ, ಪೀಣ್ಯ
ಸಂಖ್ಯೆ: ಗುರಶಾ/ಬಾಯ್ಲರ್/ಬೀಗ/17(ಅ)

ಸುತ್ತೋಲೆ

ವಿಷಯ: ಡಿಜಿಟಲ್ ಪ್ರಮಾಣಪತ್ರದಾರರಿಗೆ ಕಳುಹಿಸುವ ಎಚ್ಚರಿಕೆಗಳನ್ನು ಗೂಢಲಿಪಿಗೆ ಪರಿವರ್ತಿಸುವ ಬಗ್ಗೆ, ಹಾಗೂ ಅಂತಹ ಎಚ್ಚರಿಕೆಯೊಂದನ್ನು ನೌಕರರೊಬ್ಬರು ಬಾಯಿಬಿಟ್ಟು ಹೇಳಿದ ಬಗ್ಗೆ.

ಉಲ್ಲೇಖ: ಇದೇ ಶಾಖೆಯ ಹಿಂದಿನ ಸುತ್ತೋಲೆ (ಗೂಢಲಿಪಿಯಲ್ಲಿದ್ದು, ಶಾಖೆಯಲ್ಲಿ ಯಾರಿಗೂ ತೆರೆಯಲು ಬಂದಿರುವುದಿಲ್ಲ).

ಮೇಲ್ಕಂಡ ವಿಷಯದಲ್ಲಿ ಸಂಬಂಧಪಟ್ಟವರೂ ಪಡದವರೂ ಕೆಳಕಂಡಂತೆ ನಡೆದುಕೊಳ್ಳಲು ಈ ಮೂಲಕ ಸೂಚಿಸಲಾಗಿದೆ:

1. ಬಾಯ್ಲರ್ ತಪಾಸಣೆಯ ಎಲ್ಲ ಎಚ್ಚರಿಕೆಗಳನ್ನು ಶಾಖೆಯ ಗೂಢಲಿಪಿ ಪ್ರೋಗ್ರಾಂ ಮೂಲಕ, ಕಾರ್ಖಾನೆ ಮಾಲೀಕರ ಡಿಜಿಟಲ್ ಪ್ರಮಾಣಪತ್ರಕ್ಕೆ ಮಾತ್ರ ತೆರೆಯುವಂತೆ ಬೀಗ ಹಾಕಿಯೇ ಕಳುಹಿಸತಕ್ಕದ್ದು. ಬೀಗ ತೆಗೆಯುವ ಕೀಲಿ ಮಾಲೀಕರು ಕಂಪ್ಯೂಟರಿಗೆ ಚುಚ್ಚುವ ಡಾಂಗಲ್‌ನಲ್ಲಿ ಮಾತ್ರ ಇರುತ್ತದೆ. ಒಮ್ಮೆ ಕಳುಹಿಸಿದ ಮೇಲೆ ಶಾಖೆಗೂ ಓದಲು ಬರುವುದಿಲ್ಲ. ಇದನ್ನು ದೋಷವೆಂದು ಕರೆಯದೆ ಸಾಧನೆ ಎಂದು ಕರೆಯತಕ್ಕದ್ದು.

2. ಒಂದೇ ಸಂದೇಶಕ್ಕೆ ಇನ್ನೂ ಕೆಲವರ ಪ್ರಮಾಣಪತ್ರ ಸೇರಿಸಿ ಅವರಿಗೂ ಓದಲು ಬರುವಂತೆ ಮಾಡಬಹುದು, ಅದಕ್ಕೆ ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದರೆ ಸಾಕು ಎಂದು ಅದನ್ನು ಬರೆದ ಗುತ್ತಿಗೆ ನೌಕರರಾದ ಕೃಪಾ ಅವರು ಸಲಹೆ ನೀಡಿರುತ್ತಾರೆ. ಒಂದೇ ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಟೆಂಡರ್ ಕರೆಯಲು ಬಾರದ ಕಾರಣ ಸಲಹೆಯನ್ನು ತಿರಸ್ಕರಿಸಲಾಗಿದೆ.

3. ಬಟ್ಟೆ ತೊಳೆಯುವ ಕಾರ್ಖಾನೆಯ ಮಾಲೀಕರಾದ ಶ್ರೀ ಮುನಿಕೃಷ್ಣ ಅವರು ಆಯುಧಪೂಜೆಯಂದು ಬಾಯ್ಲರ್, ಟೆಂಪೋ, ತೂಕದ ಯಂತ್ರಗಳ ಜೊತೆ ತಮ್ಮ ಡಾಂಗಲ್ ಅನ್ನೂ ಪೂಜೆಗಿಟ್ಟು, ಅದರ ಬಾಯಿಯೊಳಕ್ಕೆ ಗಂಧ ಕುಂಕುಮ ಮೆತ್ತಿಸಿರುತ್ತಾರೆ. ಆ ಮೇಲೆ ಯಾವ ಕಂಪ್ಯೂಟರೂ ಅದರ ಮುಖ ನೋಡಿಲ್ಲ. ಮರುವಾರ ಕಳುಹಿಸಿದ ಎಚ್ಚರಿಕೆ ಏನಾಯಿತೆಂದು ವಿಚಾರಿಸಲಾಗಿ, “ಓಪನ್ನೇ ಆಗ್ತಿಲ್ಲ ಸಾರ್. ಪೂಜೆ ಜೋರಾಗೇ ಮಾಡ್ಸಿದ್ದೀನಿ, ಏನೂ ಆಗಲ್ಲ ಬಿಡಿ” ಎಂದಿರುತ್ತಾರೆ. ಆದ್ದರಿಂದ:
 (ಅ) ಕುಂಕುಮವನ್ನು ಡಾಂಗಲ್‌ನ ಮುಚ್ಚಳಕ್ಕೆ ಮಾತ್ರ ಹಚ್ಚತಕ್ಕದ್ದು.
 (ಆ) ಡಾಂಗಲ್‌ನಿಂದ ನಿಂಬೆಹಣ್ಣು ಜಜ್ಜುವಂತಿಲ್ಲ.
 (ಇ) ಬೂದುಗುಂಬಳಕಾಯಿ ಒಡೆಯುವಾಗ ಡಾಂಗಲ್ ಹಿಡಿದವರು ದೂರ ನಿಲ್ಲತಕ್ಕದ್ದು.

4. ಎಚ್ಚರಿಕೆ ತೆರೆಯುತ್ತಿಲ್ಲವೆಂದು ತಿಳಿದ ಕೂಡಲೇ ಶಾಖೆಯು ಚುರುಕಾಗಿ ಸ್ಪಂದಿಸಿ, ಡಾಂಗಲ್ ಒರೆಸುವ ವಿಧಾನವನ್ನು ವಿವರಿಸಿ ಇನ್ನೊಂದು ಸಂದೇಶವನ್ನು ಅದೇ ಪ್ರಮಾಣಪತ್ರದ ಬೀಗ ಹಾಕಿ ಕಳುಹಿಸಿದೆ. ಉತ್ತರ ಬಂದಿಲ್ಲ. ಮಾಲೀಕರ ಈ ಅಸಡ್ಡೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

5. ಎಚ್ಚರಿಕೆ ಬರೆದ ತಪಾಸಕ ಶ್ರೀ ರುದ್ರೇಶ್ ಅವರು ಕಾರ್ಖಾನೆಗೆ ಮತ್ತೆ ಹೋದಾಗ, ಬಾಯ್ಲರ್ ಪಕ್ಕದಲ್ಲಿ ಕೆಲಸ ಮಾಡುವ ಯಾದಗಿರಿ ಕಡೆಯ ಸುಮಂಗಲಾ ಎಂಬುವವರು, “ಸಾಹೇಬ್ರ, ಅದ್ರಾಗ ಏನ್ ಬರ್ದೀರಿ? ನಾವ್ ಇಲ್ಲಿ ನಿಂದ್ರಬೇಕೊ ಬ್ಯಾಡೊ, ಅಷ್ಟ್ ಹೇಳ್ರಿ ಸಾಕು” ಎಂದು ಕೇಳಿರುತ್ತಾರೆ. ಸದರಿಯವರಲ್ಲಿ ಪ್ರಮಾಣಪತ್ರವಿಲ್ಲ. ಬಾಯ್ಲರ್ ಪಕ್ಕದಲ್ಲಿ ನಿಲ್ಲುವುದು ಅದಕ್ಕೆ ಅರ್ಹತೆಯೂ ಅಲ್ಲ. ಶ್ರೀ ರುದ್ರೇಶ್ ಅವರು ನಿಯಮದಂತೆ ಮೊದಲು ಬಾಯಿ ಮುಚ್ಚಿಕೊಂಡು ನಿಂತಿದ್ದು, ಅಷ್ಟರಮಟ್ಟಿಗೆ ಅವರನ್ನು ಶ್ಲಾಘಿಸಲಾಗಿದೆ.

6. ಆದರೆ ಒತ್ತಡಮಾಪಕದ ಮುಳ್ಳು ಕೆಂಪು ಗೆರೆ ದಾಟಿದ್ದನ್ನು ಕಂಡು ಸದರಿ ತಪಾಸಕರು ಸಂಯಮ ಕಳೆದುಕೊಂಡು, “ವಾಲ್ವ್ ಕಚ್ಕೊಂಡಿದೆ, ಸಿಡಿಯತ್ತೆ! ಎಲ್ಲಾ ಬಿಟ್ಟು ಆಚೆ ಓಡ್ರೀ!” ಎಂದು ಇಡೀ ಎಚ್ಚರಿಕೆಯನ್ನು ಸಾದಾ ಕನ್ನಡದಲ್ಲಿ, ಗಂಟಲು ಹರಿಯುವಂತೆ, ಪ್ರಮಾಣಪತ್ರವಿಲ್ಲದ ಅಷ್ಟೂ ಜನರ ಮುಂದೆ ಬಯಲು ಮಾಡಿರುತ್ತಾರೆ. ಎಲ್ಲರೂ ರಸ್ತೆಗೆ ಬಂದ ಮೇಲೆ ಬಾಯ್ಲರ್ ಸಿಡಿದು, ಚಾವಣಿಯ ಶೀಟುಗಳು ಜಾಲಹಳ್ಳಿ ದಿಕ್ಕಿಗೆ ಹಾರಿವೆ. ಯಾರಿಗೂ ಒಂದು ಗೀರೂ ಆಗಿಲ್ಲ. ಶಾಖೆಗೆ ಮಾತ್ರ ತುಂಬಲಾರದ ನಷ್ಟವಾಗಿದೆ. ಅಯ್ಯೋ, ಎಷ್ಟು ಕಷ್ಟಪಟ್ಟು ಹಾಕಿದ ಬೀಗ!

7. ಸದರಿ ಸಂದೇಶವನ್ನು ಬರೀ ಕಿವಿಯಿಂದ ಕೇಳಿ ಹೊರಗೆ ಬಂದವರೆಲ್ಲರೂ ಅನಧಿಕೃತವಾಗಿ ಬದುಕಿರುವರೆಂದು ಘೋಷಿಸಲಾಗಿದೆ. ಅಕ್ರಮ-ಸಕ್ರಮದ ಮಾದರಿಯಲ್ಲಿ ತಮ್ಮ ಜೀವವನ್ನು ಸಕ್ರಮ ಮಾಡಿಸಿಕೊಳ್ಳಲು ಇಚ್ಛಿಸುವವರು ಖುದ್ದಾಗಿ ಹಾಜರಾಗತಕ್ಕದ್ದು. ಅರ್ಜಿಗೆ ಮಾಲೀಕರು ಅದೇ ಡಾಂಗಲ್‌ನಿಂದ ಹಾಕಿದ ಡಿಜಿಟಲ್ ಸಹಿ ಕಡ್ಡಾಯ.

ಸಹಿ/-
ಪ್ರಭಾರ ಮುಖ್ಯಸ್ಥರು
ಗುಪ್ತ ರವಾನೆ ಶಾಖೆ

ಪ್ರತಿಗಳು:
ಶ್ರೀ ಮುನಿಕೃಷ್ಣ, ಮಾಲೀಕರು: ಗೂಢಲಿಪಿಯಲ್ಲಿ, ಸಾಂತ್ವನದೊಂದಿಗೆ.
ಶ್ರೀಮತಿ ಸುಮಂಗಲಾ: ಪ್ರತಿ ಇಲ್ಲ.
ಕಚೇರಿ ಕಡತ: ಬೀಗ ಹಾಕಿ ಇಡಲು.
ಶ್ರೀ ರುದ್ರೇಶ್, ತಪಾಸಕರು: ಅಮಾನತು ಆದೇಶ ಲಗತ್ತಿಸಿದೆ. ಆದೇಶವು ಸಾದಾ ಕನ್ನಡದಲ್ಲಿದ್ದು, ತಕ್ಷಣ ಓದಿಕೊಳ್ಳಲು ಅನುಕೂಲವಾಗಲೆಂದು ಮನೆ ಬಾಗಿಲಿಗೂ ಅಂಟಿಸಲಾಗಿದೆ.